ಅಜ್ಜಿಯ ಮುಡಿಗೆ ಯಾವ ಬಣ್ಣದ ಹೂ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವಳು. 12 ನಿಮಿಷದ ಕಿರುಚಿತ್ರ ಮಾಡಲು ಹೊರಟಿದ್ದೇನೆ. ಕಥೆ ಒಬ್ಬ ಅಜ್ಜಿಯದು. ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಹೂ ಮುಡಿದಿಲ್ಲ. ಆದರೆ ದಿನಾ ಹಿತ್ತಲಿನ ಹೂ ಬಿಡಿಸಿ, ಕಟ್ಟಿ, ಬೀದಿಯ ಹೆಣ್ಣುಮಕ್ಕಳಿಗೆಲ್ಲ ಕೊಡುತ್ತಾರೆ. ಮೊಮ್ಮಗಳ ನಿಶ್ಚಿತಾರ್ಥ ಬರುತ್ತದೆ. ಕೊನೆಯಲ್ಲಿ, ಅದೇ ನಿಶ್ಚಿತಾರ್ಥದ ಹೊತ್ತಿಗೆ ಎಲ್ಲರ ಮುಂದೆ, ಮೊಮ್ಮಗಳು ಅಜ್ಜಿಯ ತುರುಬಿಗೆ ಹೂ ಮುಡಿಸುತ್ತಾಳೆ. ಹೂವಿನ ಬಣ್ಣದಿಂದಲೇ ಕಥೆ ಹೇಳಬೇಕು ಅನ್ನೋದು ನನ್ನ ಆಸೆ. ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು ಪಟ್ಟಿ ಮಾಡಿಕೊಂಡಿದ್ದೇನೆ: ಅಜ್ಜಿಗೆ ಬಿಳಿ ಲಿಲ್ಲಿ, ಅಂದರೆ ಶಾಂತಿ. ಮೊಮ್ಮಗಳಿಗೆ ಕೆಂಪು ಗುಲಾಬಿ, ಅಂದರೆ ಪ್ರೀತಿ. ಕೊನೆಗೆ ಹಳದಿ ಗುಲಾಬಿ, ಅಂದರೆ ಸ್ನೇಹ. ಇದು ಸರಿಯೇ? ನೋಡುವವರಿಗೆ ಅರ್ಥವಾಗುತ್ತದೆಯೇ?

ಉತ್ತರ: ನಿಮ್ಮ ಕಥೆ ಓದಿ ತುಂಬಾ ಖುಷಿಯಾಯಿತು. ಇಡೀ ಬೀದಿಗೆ ಹೂ ಕಟ್ಟಿಕೊಡುವ ಕೈ, ತನ್ನ ತಲೆಗೆ ಮಾತ್ರ ಹೂ ಇಲ್ಲ. ಇಷ್ಟು ಸಿಕ್ಕರೆ ಸಿನಿಮಾ ಅರ್ಧ ಆದ ಹಾಗೆ. ಆದರೆ ಆ ಪಟ್ಟಿಯನ್ನು ಪಕ್ಕಕ್ಕಿಡಿ. ಅದು ಬೇರೆ ಯಾರದೋ ಮನೆಯ ಪಟ್ಟಿ, ನಿಮ್ಮ ಅಜ್ಜಿಯದಲ್ಲ.

ಹೂವಿಗೊಂದು, ಬಣ್ಣಕ್ಕೊಂದು ಅರ್ಥ ಹಚ್ಚುವ ಈ ಪಟ್ಟಿಗಳು ಜಾಸ್ತಿ ಹಬ್ಬಿದ್ದು 19ನೇ ಶತಮಾನದ ಯುರೋಪಿನಲ್ಲಿ. ಬಾಯಿಬಿಟ್ಟು ಹೇಳಲಾಗದ ಮಾತನ್ನು ಹೂಗುಚ್ಛದಲ್ಲಿ ಕಳಿಸುವ ಅಭ್ಯಾಸ ಅದು. ಕಳಿಸಿದವರಿಗೂ ಪಡೆದವರಿಗೂ ಆ ಅರ್ಥ ಗೊತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ನಿಮ್ಮ ಸಿನಿಮಾ ನೋಡುವ ಚನ್ನರಾಯಪಟ್ಟಣದ ಒಬ್ಬ ಹೆಂಗಸಿಗೆ ಹಳದಿ ಗುಲಾಬಿ ಅಂದರೆ ಸ್ನೇಹ ಅಂತ ಯಾರು ಹೇಳಿಕೊಟ್ಟಿದ್ದಾರೆ? ನಮ್ಮ ಮಾತನ್ನೇ ನೋಡಿ. ಕನ್ನಡದಲ್ಲಿ 'ಗುಲಾಬಿ ಬಣ್ಣ' ಅಂದರೆ ಕೆಂಪಲ್ಲ, ಪನ್ನೀರು ಗುಲಾಬಿಯ ತಿಳಿ ಬಣ್ಣ. ಉದ್ದ ಕಡ್ಡಿಯ ಕೆಂಪು ಗುಲಾಬಿ ನಮ್ಮಲ್ಲಿ ಪ್ರೀತಿಯ ಗುರುತಾಗಿದ್ದು ಫೆಬ್ರವರಿ 14ರ ಜೊತೆಗೆ. ಅದು ಕಾಲೇಜಿನ ಕಥೆಗೆ ಸರಿ ಹೋಗುತ್ತದೆ. ನಿಮ್ಮ ಹಿತ್ತಲಿಗೆ ಹೋಗುವುದಿಲ್ಲ.

ಇನ್ನೊಂದು ವಿಷಯ. ಬಣ್ಣದ ಅರ್ಥ ಊರಿಂದ ಊರಿಗೆ ತಿರುಗಿಬೀಳುತ್ತದೆ. ಸೇವಂತಿಗೆಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ವರಮಹಾಲಕ್ಷ್ಮಿ ಕಳಶಕ್ಕೆ ಅದು ಬೇಕೇ ಬೇಕು. ಫ್ರಾನ್ಸಿನಲ್ಲಿ ನವೆಂಬರ್ ಮೊದಲ ದಿನ ಜನ ಅದನ್ನು ಸಮಾಧಿಗಳ ಮೇಲೆ ಇಟ್ಟು ಬರುತ್ತಾರೆ. ಜಪಾನಿನಲ್ಲಿ ಬಿಳಿ ಸೇವಂತಿಗೆ ಸಾವಿನ ಮನೆಯ ಹೂ. ನಮ್ಮ ಚೆಂಡು ಹೂವಿನ ತವರು ಮೆಕ್ಸಿಕೊ. ಅಲ್ಲಿ ಅದು ಸತ್ತವರನ್ನು ನೆನೆಯುವ ಹಬ್ಬದ ಹೂ, ಇಲ್ಲಿ ಆಯುಧಪೂಜೆಯ ದಿನ ಬಸ್ಸಿನ ಮುಂದೆ ಕಟ್ಟುವ ಹೂ. ಅಷ್ಟು ದೂರ ಯಾಕೆ, ನಮ್ಮೂರಲ್ಲೇ ಒಂದೇ ಅಂಗಡಿಯ ಒಂದೇ ಹಾರ ಬಾಗಿಲಿಗೂ ಹೋಗುತ್ತದೆ, ಫೋಟೋಗೂ ಹೋಗುತ್ತದೆ. ಬಾಗಿಲಿಗೆ ಹಾಕಿದರೆ ಹಬ್ಬ. ಮನುಷ್ಯರ ಫೋಟೋಗೆ ಹಾಕಿದರೆ ಅವರು ಇಲ್ಲ ಅಂತ ಚಿಕ್ಕ ಮಗುವಿಗೂ ಗೊತ್ತಾಗುತ್ತದೆ. ಹಾರದ ಬಣ್ಣ ಬದಲಾಗಿಲ್ಲ, ಹಾಕಿದ ಜಾಗ ಬದಲಾಯಿತು ಅಷ್ಟೆ.

ಸಿನಿಮಾದಲ್ಲಿ ಇದು ಇನ್ನೂ ಜಾಸ್ತಿ. ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ನಟನ ಒಂದೇ ಮುಖವನ್ನು ಒಮ್ಮೆ ಊಟದ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದರು. ನೋಡಿದವರಿಗೆ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ ಕಂಡಿತು. ಮುಖ ಅದೇ. ಹೂವೂ ಹಾಗೆಯೇ. ಬಣ್ಣ ತಾನಾಗಿ ಏನನ್ನೂ ಹೇಳುವುದಿಲ್ಲ. ಮೊದಲ ಸಲ ಕಂಡಾಗ ಅದು ಬರೀ ಹೂ. ಎರಡನೇ ಸಲ, ಬೇರೆ ಯಾರದೋ ಕೈಯಲ್ಲಿ ಕಂಡಾಗ, ನೋಡುವವರು 'ಓ, ಇದು ಅದೇ ಅಲ್ವಾ' ಅಂದುಕೊಳ್ಳುತ್ತಾರೆ. ಅಲ್ಲಿಂದ ಅರ್ಥ ಶುರುವಾಗುತ್ತದೆ. ಆ ಅರ್ಥವನ್ನು ಕಟ್ಟುವುದು ನೀವು, ಅದೂ ಈ 12 ನಿಮಿಷದ ಒಳಗೆ.

ಹಾಗಾದರೆ ಯಾವ ಹೂ? ಅಜ್ಜಿಯ ಹಿತ್ತಲಿಗೆ ಹೋಗೋಣ. ಅಲ್ಲಿ ಮಲ್ಲಿಗೆ ಇರುತ್ತದೆ, ಕನಕಾಂಬರ ಇರುತ್ತದೆ, ಬೇಲಿ ಪಕ್ಕ ಒಂದು ಕೆಂಪು ದಾಸವಾಳ. ನಿಮಗೆ ಇಷ್ಟು ಸಾಕು. ಇನ್ನೂ ಕಡಿಮೆ ಮಾಡಿ ಅಂತಲೇ ಹೇಳುತ್ತೇನೆ: ಕಥೆಯನ್ನು ಹೊರುವ ಬಣ್ಣ ಎರಡೇ ಇರಲಿ, ಮಲ್ಲಿಗೆಯ ಬಿಳಿ ಮತ್ತು ಕನಕಾಂಬರದ ಕಿತ್ತಳೆ. ದಾಸವಾಳ ದೇವರ ಕೋಣೆಯಲ್ಲಿ ಒಮ್ಮೆ ಕಂಡು ಹೋಗಲಿ. ನಮ್ಮ ಕಡೆ ಅದು ಸಾಮಾನ್ಯವಾಗಿ ದೇವರ ತಲೆಗೇ ಹೋಗುವ ಹೂ. ಅದನ್ನು ಮುಟ್ಟಲು ಅಜ್ಜಿಗೆ ಯಾರ ಅಡ್ಡಿಯೂ ಇಲ್ಲ. ಆ ಒಂದು ಶಾಟ್ ಸುಮ್ನೆ ಇದ್ದರೂ ತನ್ನ ಮಾತು ಹೇಳುತ್ತದೆ.

ಈ ಎರಡನ್ನೇ ಯಾಕೆ ಅಂದೆ ಅಂದರೆ, ಇವೆರಡೂ ಒಂದೇ ದಾರದಲ್ಲಿ ಬಾಳುವ ಹೂಗಳು. ಆದರೆ ಸ್ವಭಾವ ಪೂರ್ತಿ ಬೇರೆ. ಮಲ್ಲಿಗೆಯ ಜೀವ ಇರುವುದು ಪರಿಮಳದಲ್ಲಿ. ಅದು ಸಂಜೆ ಅರಳುವ ಹೂ. ಕತ್ತಲಲ್ಲಿ ಹಾರಾಡುವ ಪತಂಗಗಳನ್ನು ಕರೆಯಲು ಬಿಳಿ ಬಣ್ಣ, ಗಾಢ ವಾಸನೆ. ಕನಕಾಂಬರಕ್ಕೆ ವಾಸನೆಯೇ ಇಲ್ಲ. ಅದಕ್ಕಿರುವುದು ಬಣ್ಣ ಮಾತ್ರ. ಈಗ ಯೋಚಿಸಿ, ಪರದೆಯಲ್ಲಿ ವಾಸನೆ ಬರುವುದಿಲ್ಲ. ಮನೆಯಲ್ಲಿ ಮಲ್ಲಿಗೆ ಮುಂದೆ ಸದಾ ಎರಡನೇ ಜಾಗದಲ್ಲಿರುವ ಕನಕಾಂಬರ ಸಿನಿಮಾದಲ್ಲಿ ಮೊದಲ ಜಾಗಕ್ಕೆ ಬರುತ್ತದೆ. ನಮ್ಮ ಹೆಂಗಸರು ಸೀರೆಯ ಬಣ್ಣ ಹೇಳುವಾಗಲೂ 'ಕನಕಾಂಬರ ಬಣ್ಣ' ಅನ್ನುತ್ತಾರೆ. ಕರಾವಳಿ ಕಡೆ ಇದಕ್ಕೆ ಅಬ್ಬಲಿಗೆ ಅನ್ನುತ್ತಾರೆ. ಅದು ಹೂವಾಗಿ ಎಷ್ಟು ಪರಿಚಿತವೋ ಬಣ್ಣವಾಗಿಯೂ ಅಷ್ಟೇ ಪರಿಚಿತ.

ಬಾಳಿಕೆಯಲ್ಲೂ ಎರಡೂ ಬೇರೆ. ಮಲ್ಲಿಗೆ ಒಂದು ದಿನದ ಹೂ. ಬೆಳಿಗ್ಗೆ ಹಸಿರು ತೊಟ್ಟಿನ ಬಿಗಿ ಮೊಗ್ಗು, ರಾತ್ರಿ ಪೂರ್ತಿ ಬಿಳಿ, ಮರುದಿನ ಎಸಳಿನ ಅಂಚು ಕಂದು. ಕನಕಾಂಬರ ಹಾಗಲ್ಲ. ಹಗುರ, ಬೇಗ ಬಾಡದು, ಕಟ್ಟಿದ ದಂಡೆ ಮರುದಿನವೂ ಬಣ್ಣ ಬಿಡುವುದಿಲ್ಲ. ನಿಮ್ಮ ಸಿನಿಮಾದ ಕೊನೆ ಇಲ್ಲೇ ಅಡಗಿದೆ ಅಂತ ನನಗೆ ಅನಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಶುರು ಹೇಗೆ ಅಂತ ನೋಡೋಣ. ಅಜ್ಜಿಗೆ 75ರ ಹತ್ತಿರ ಅಂತಿಟ್ಟುಕೊಳ್ಳಿ. ಅಂದರೆ ಮದುವೆ 1970ರ ಆಸುಪಾಸು. ಫೋಟೋ ಕಪ್ಪುಬಿಳುಪಿನದು. ಗೋಡೆಯ ಮೇಲಿನ ಆ ಫೋಟೋದಲ್ಲಿ ಮದುಮಗಳು ಸ್ವಲ್ಪ ಓರೆಯಾಗಿ ಕೂತಿದ್ದಾಳೆ, ಜಡೆ ಮುಂದಕ್ಕೆ ಇಳಿಬಿಟ್ಟಿದ್ದಾಳೆ. ಜಡೆಯಲ್ಲಿ ಒಂದು ಸಾಲು ಬೆಳ್ಳಗಿದೆ. ಅದರ ಪಕ್ಕದ ಸಾಲು ಬೂದು. ಆ ಬೂದು ಯಾವ ಹೂ? ಯಾವ ಬಣ್ಣ? ಫೋಟೋ ಹೇಳುವುದಿಲ್ಲ. ಮೊಮ್ಮಗಳು ಮೂರನೇ ನಿಮಿಷದಲ್ಲಿ ಅದನ್ನೇ ಕೇಳಲಿ: 'ಅಜ್ಜಿ, ಇದ್ಯಾವ ಹೂವು?' ಅಜ್ಜಿ ಉತ್ತರ ಕೊಡಬಾರದು. 'ದಾರ ಹಿಡ್ಕೊ' ಅಂತ ಬಾಳೆನಾರು ಕೈಗೆ ಕೊಟ್ಟು ಮುಂದಿನ ಕೆಲಸಕ್ಕೆ ಹೋಗಲಿ. ನೋಡುವವರ ಮನಸ್ಸಿನಲ್ಲಿ ಈಗ ಒಂದು ಬಣ್ಣಕ್ಕೆ ಜಾಗ ಖಾಲಿ ಇದೆ. ಆ ಜಾಗ ತುಂಬುವುದೇ ಮುಂದಿನ ಒಂಬತ್ತು ನಿಮಿಷದ ಕೆಲಸ.

ಅಜ್ಜಿ ದಿನಾ ಕಟ್ಟುವುದು ಬರೀ ಮಲ್ಲಿಗೆ ಇರಲಿ. ಕನಕಾಂಬರದ ಗಿಡ ಹಿತ್ತಲಲ್ಲಿದೆ, ನೀರು ಹಾಕುತ್ತಾರೆ, ಆದರೆ ಬಿಡಿಸುವುದಿಲ್ಲ. ಹೂ ಗಿಡದಲ್ಲೇ ಉದುರುತ್ತದೆ. ಇದನ್ನು ಒಂದೇ ಸಲ, ದೂರದ ಶಾಟಿನಲ್ಲಿ ತೋರಿಸಿ. ಕ್ಲೋಸಪ್ ಬೇಡ. ಕ್ಲೋಸಪ್ ಹಾಕಿದ ತಕ್ಷಣ 'ಇದನ್ನು ಗಮನಿಸಿ' ಅಂತ ನೀವೇ ಕೂಗಿದ ಹಾಗಾಗುತ್ತದೆ.

ನಿಶ್ಚಿತಾರ್ಥದ ದಿನ ಹೂ ಮುಡಿಸುವ ಶಾಸ್ತ್ರ ಇರುತ್ತದಲ್ಲ, ಅದೇ ನಿಮ್ಮ ಸಿನಿಮಾದ ನಟ್ಟನಡು. ಗಂಡಿನ ಕಡೆಯ ಮುತ್ತೈದೆಯರು ಬಂದು ಹುಡುಗಿಗೆ ಹೂ ಮುಡಿಸುತ್ತಾರೆ. ಮುಡಿಸುವ ಆ ದಂಡೆ ಕಟ್ಟಿದ್ದು ಅಜ್ಜಿಯ ಕೈ. ಆದರೆ ಅಜ್ಜಿ ಒಳಬಾಗಿಲ ಪಕ್ಕ ನಿಂತಿದ್ದಾರೆ. ಯಾರೂ ಅವರನ್ನು ತಡೆದಿಲ್ಲ. ಅವರೇ ನಿಂತಿದ್ದಾರೆ. ಗಂಡ ತೀರಿಕೊಂಡವರು ಹೀಗೆ ದೂರ ನಿಲ್ಲುವ ಪದ್ಧತಿಯನ್ನು ಬಿಟ್ಟ ಮನೆಗಳು ಈಗ ಬೇಕಾದಷ್ಟಿವೆ, ಅದು ಒಳ್ಳೆಯದೇ ಆಯಿತು. ಇನ್ನೂ ಬಿಡದ ಮನೆಗಳೂ ಇವೆ. ಅದಕ್ಕೇ ಈ ಕಥೆ ಬೇಕು. ಯಾರನ್ನೂ ಕೆಟ್ಟವರನ್ನಾಗಿ ಮಾಡಬೇಡಿ. ಬಿಳಿ ಹೂ ಕೈಯಿಂದ ಕೈಗೆ ಹೋಗುವುದನ್ನು ಮಾತ್ರ ಹಿಂಬಾಲಿಸಿ: ಬುಟ್ಟಿ, ತಟ್ಟೆ, ಅತ್ತೆಯಾಗುವವರ ಕೈ, ಹುಡುಗಿಯ ಜಡೆ. ಕೊನೆಗೆ ಅಜ್ಜಿಯ ಖಾಲಿ ಕೈ. ಬೆರಳಲ್ಲಿ ಬಾಳೆನಾರಿನ ಚೂರು ಅಂಟಿಕೊಂಡಿದ್ದರೆ ಸಾಕು.

ಇನ್ನು ಬಣ್ಣವನ್ನು ಕಾಯುವ ಕೆಲಸ. ಜನ ಎಡವುವುದು ಜಾಸ್ತಿ ಇಲ್ಲೇ. ಒಂದು ಬಣ್ಣಕ್ಕೆ ಬೆಲೆ ಬರಬೇಕಾದರೆ ಅದು ಬೇರೆಲ್ಲೂ ಕಾಣಬಾರದು. ಕಿತ್ತಳೆಯನ್ನು ಕೊನೆಗೆ ಉಳಿಸಿದ್ದೀರಿ ಅಂದರೆ, ಮೊದಲ ಹತ್ತು ನಿಮಿಷ ಫ್ರೇಮಿನಲ್ಲಿ ಕಿತ್ತಳೆ ಇರಬಾರದು, ಆ ದೂರದ ಗಿಡವನ್ನು ಬಿಟ್ಟು. ಕೇಳಲು ಸುಲಭ. ಹಳ್ಳಿಮನೆಯಲ್ಲಿ ಮಾಡಲು ಕಷ್ಟ. ಪ್ಲಾಸ್ಟಿಕ್ ಬಕೆಟ್, ಮಗ್, ಕ್ಯಾಲೆಂಡರ್, ಟವೆಲ್, ಕೊಡ, ಯಾರದೋ ಚಪ್ಪಲಿ. ಒಮ್ಮೆ ನಾವು ಅಂಗಳದಲ್ಲಿ ಇಡೀ ದಿನ ಶೂಟ್ ಮಾಡಿ, ಎಡಿಟಿಂಗಿನಲ್ಲಿ ನೋಡಿದರೆ ನೀರಿನ ತೊಟ್ಟಿಯ ಮೇಲೆ ಒಂದು ಕಿತ್ತಳೆ ಮಗ್ ಕೂತಿತ್ತು. ಪ್ರತಿ ಶಾಟಿನಲ್ಲೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಆ ದೃಶ್ಯವನ್ನು ಕೈಬಿಡಬೇಕಾಯಿತು. ಅಂದಿನಿಂದ ಕ್ಯಾಮೆರಾ ಇಡುವ ಮೊದಲು ಒಬ್ಬರು ಬರೀ ಆ ಬಣ್ಣವನ್ನೇ ಹುಡುಕಿ ತೆಗೆಯುತ್ತಾರೆ. ನಿಮ್ಮ ತಂಡದಲ್ಲೂ ಒಬ್ಬರಿಗೆ ಈ ಕೆಲಸ ಕೊಡಿ. ಮದುಮಗಳ ಸೀರೆಗೂ ಇದೇ ನಿಯಮ. ಹಸಿರು ಸೀರೆ ಉಡಿಸಿ, ಬಿಳಿ ಹೂ ಎದ್ದು ಕಾಣುತ್ತದೆ, ಕಿತ್ತಳೆ ಉಳಿದಿರುತ್ತದೆ. ಅಜ್ಜಿಗೆ ಬಿಳಿ ಸೀರೆ ಬೇಡ. ಹಾಸನದ ಎಷ್ಟು ಅಜ್ಜಿಯಂದಿರು ಮನೆಯಲ್ಲಿ ಬಿಳಿ ಸೀರೆ ಉಡುತ್ತಾರೆ? ಮಾಸಿದ ನೀಲಿಯೋ ಬೂದುಬಣ್ಣದ್ದೋ ಹತ್ತಿ ಸೀರೆ ಇರಲಿ. ಕಿತ್ತಳೆ ಬಂದಾಗ ನೀಲಿಯ ಪಕ್ಕ ಅದು ಹೊತ್ತಿಕೊಂಡ ಹಾಗೆ ಕಾಣುತ್ತದೆ.

ಬೆಳಕಿನ ವಿಷಯದಲ್ಲಿ ಕೆಲವು ಮಾತು. ಕಪ್ಪು ಕೂದಲ ಮೇಲೆ ಬಿಳಿ ಮಲ್ಲಿಗೆ ಕ್ಯಾಮೆರಾಗೆ ಕಷ್ಟದ ವಸ್ತು. ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಅದು ಕೂದಲ ಕಪ್ಪು ನೋಡಿ ಒಳಗೆ ಬಿಡುವ ಬೆಳಕು, ಅಂದರೆ ಎಕ್ಸ್‌ಪೋಷರ್ ಏರಿಸುತ್ತದೆ, ಹೂ ಸುಟ್ಟು ಬಿಳಿ ಕಲೆಯಾಗುತ್ತದೆ. ಹೂವಿಗೆ ಎಕ್ಸ್‌ಪೋಷರ್ ಇಟ್ಟು ಲಾಕ್ ಮಾಡಿ, ಕೂದಲು ಕಪ್ಪಾಗಿಯೇ ಇರಲಿ. ಎಸಳು ಎಸಳಾಗಿ ಕಾಣಬೇಕು. ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸ್ ಕೂಡ ಲಾಕ್ ಮಾಡಿ. ಬಿಳಿ ಹೂ ಸುತ್ತಲಿನ ಬಣ್ಣವನ್ನೆಲ್ಲ ಹೀರಿಕೊಂಡು ತೋರಿಸುತ್ತದೆ. ಹಳೆಯ ಟ್ಯೂಬ್‌ಲೈಟ್ ಕೆಳಗೆ ಹಸಿರು, ಬಲ್ಬಿನ ಕೆಳಗೆ ಹಳದಿ. ಒಂದು ಶಾಟಿನಲ್ಲಿ ಹಳದಿ, ಮುಂದಿನದರಲ್ಲಿ ನೀಲಿ ಆದರೆ ನಿಮ್ಮ 'ಬಿಳಿ' ಅನ್ನೋ ಮಾತೇ ಬಿದ್ದುಹೋಗುತ್ತದೆ. ದಾಸವಾಳದಂಥ ಗಾಢ ಕೆಂಪಿಗೆ ಬೇರೆ ತೊಂದರೆ. ಕ್ಯಾಮೆರಾ ಕೆಂಪನ್ನು ದಾಖಲಿಸುವ ಚಾನೆಲ್ ಬೇಗ ತುಂಬಿಹೋಗಿ ಎಸಳಿನ ಗೆರೆಗಳೆಲ್ಲ ಅಳಿಸಿ, ಕುಂಕುಮ ಮೆತ್ತಿದ ಹಾಗೆ ಕಾಣುತ್ತದೆ. ಮೊಬೈಲಿನಲ್ಲಂತೂ ಜಾಸ್ತಿ. ನೇರ ಬಿಸಿಲು ಬಿಟ್ಟು ನೆರಳಿನಲ್ಲಿ, ಸ್ವಲ್ಪ ಕಡಿಮೆ ಎಕ್ಸ್‌ಪೋಷರಿನಲ್ಲಿ ತೆಗೆಯಿರಿ. ಬಣ್ಣ ಏರಿಸುವ ಮೋಡುಗಳನ್ನು ಆಫ್ ಮಾಡಿ. ಬೀದಿಯ ಹಳೆಯ ಹಳದಿ ಸೋಡಿಯಂ ದೀಪದ ಕೆಳಗೆ ಹೂವಿನ ಶಾಟೇ ಬೇಡ. ಆ ಬೆಳಕಿನಲ್ಲಿರುವುದು ಹೆಚ್ಚುಕಡಿಮೆ ಒಂದೇ ಬಣ್ಣ, ಹಾಗಾಗಿ ಬೇರೆ ಬಣ್ಣಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವ ಯಾವ ಗ್ರೇಡಿಂಗಿನಲ್ಲೂ ತರಲು ಆಗುವುದಿಲ್ಲ.

ಮುಸ್ಸಂಜೆಯಲ್ಲಿ ಮಾತ್ರ ಒಂದು ಅಪರೂಪದ ಅವಕಾಶ ಇದೆ. ಕತ್ತಲಾಗುತ್ತಾ ಬಂದಂತೆ ನಮ್ಮ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ. ನೀಲಿ, ಬಿಳಿ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತವೆ. 19ನೇ ಶತಮಾನದಲ್ಲಿ ಯಾನ್ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗುರುತಿಸಿದರು, ಅದಕ್ಕೆ ಅವರದೇ ಹೆಸರಿದೆ. ನೀವೂ ಹಿತ್ತಲಲ್ಲಿ ಆರೂವರೆಯಿಂದ ಏಳರವರೆಗೆ ಸುಮ್ನೆ ಕೂತು ನೋಡಿ. ದಾಸವಾಳ ಎಲೆಯೊಳಗೆ ಮುಳುಗಿಹೋಗುತ್ತದೆ. ಮಲ್ಲಿಗೆ ಮಾತ್ರ ಒಂದೊಂದೇ ಚುಕ್ಕಿಯಾಗಿ ನಿಲ್ಲುತ್ತದೆ. ನೆಂಟರೆಲ್ಲ ಹೋದ ಮೇಲೆ ಅಜ್ಜಿ ಹಿತ್ತಲಲ್ಲಿ ಒಬ್ಬರೇ ಕೂತಿರುವ ದೃಶ್ಯ ಈ ಹೊತ್ತಿನಲ್ಲಿ ಬರಲಿ. ಕ್ಯಾಮೆರಾ ಕಣ್ಣಿನ ಹಾಗೆ ತಾನಾಗಿ ಇದನ್ನು ಮಾಡುವುದಿಲ್ಲ. ಗ್ರೇಡಿಂಗಿನಲ್ಲಿ ಕೆಂಪು, ಕಿತ್ತಳೆಗಳನ್ನು ತಗ್ಗಿಸಿ ಕಣ್ಣಿಗೆ ಕಂಡಂತೆ ತರಬೇಕು. ಕನಕಾಂಬರದ ಗಿಡ ಪಕ್ಕದಲ್ಲೇ ಇದ್ದರೂ ಆ ಕತ್ತಲಲ್ಲಿ ಅದು ಕಾಣುವುದಿಲ್ಲ. ಫೋಟೋದ ಬೂದು ಸಾಲಿನ ಹಾಗೆಯೇ ಆಗಿಬಿಡುತ್ತದೆ.

ಹೂ ಜೋಪಾನ ಮಾಡುವುದು ಗೊತ್ತಿರಲಿ. ಬೆಳಿಗ್ಗೆ ಮೊಗ್ಗು ತಂದು ಮಧ್ಯಾಹ್ನ ಊಟದ ನಂತರ ಅದೇ ದೃಶ್ಯ ಮುಂದುವರಿಸಿದರೆ ಹೂ ಬಿರಿಯಲು ಶುರುವಾಗಿರುತ್ತದೆ, ಕಂಟಿನ್ಯುಟಿ, ಅಂದರೆ ಒಂದು ಶಾಟಿಗೂ ಮುಂದಿನದಕ್ಕೂ ಇರಬೇಕಾದ ಹೊಂದಿಕೆ, ಕೆಡುತ್ತದೆ. ಲೈಟಿನ ಬಿಸಿಗೆ ಇನ್ನೂ ಬೇಗ. ಒಂದೇ ಅಳತೆಯ ನಾಲ್ಕೈದು ದಂಡೆ ಕಟ್ಟಿಸಿಟ್ಟುಕೊಳ್ಳಿ. ಒದ್ದೆ ಬಟ್ಟೆಯಲ್ಲೋ ಬಾಳೆಎಲೆಯಲ್ಲೋ ಸುತ್ತಿ ತಂಪಾದ ಡಬ್ಬದಲ್ಲಿಡಿ, ಐಸ್ ಹೂವಿಗೆ ತಾಗಬಾರದು. ಚಳಿಗಾಲದಲ್ಲಿ ಮಲ್ಲಿಗೆ ಕಡಿಮೆ, ಬೇಸಿಗೆಯಲ್ಲಿ ಧಾರಾಳ. ವರಮಹಾಲಕ್ಷ್ಮಿ, ದಸರಾ ವಾರಗಳಲ್ಲಿ ಹೂವಿನ ರೇಟು ಕೇಳುವ ಹಾಗೇ ಇರುವುದಿಲ್ಲ. ಮಾರ್ಚ್‌ನಿಂದ ಮೇ ಒಳಗೆ ಶೂಟಿಂಗ್ ಇಟ್ಟುಕೊಂಡರೆ ನಿಮಗೆ ಒಳ್ಳೆಯದು. ಪ್ಲಾಸ್ಟಿಕ್ ಹೂ ಬೇಡವೇ ಬೇಡ. ಅದರ ಬಿಳಿ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ. ನಿಮ್ಮ ಕಥೆ ನಿಂತಿರುವುದೇ ಬಾಡುವ ಬಿಳಿಯ ಮೇಲೆ. ಇನ್ನೊಂದು ಮಾತು, ಕಟ್ಟುವ ಕೈ ನಿಜವಾಗಿ ಹೂ ಕಟ್ಟಿ ಬಲ್ಲವರದ್ದೇ ಆಗಿರಲಿ. ನಟಿಗೆ ಬಾರದಿದ್ದರೆ ಕೈಗಳ ಕ್ಲೋಸಪ್ಪಿಗೆ ನಿಮ್ಮೂರಿನ ಯಾರಾದರೂ ಅಜ್ಜಿಯನ್ನೇ ಕೂರಿಸಿ. ಸುಳ್ಳು ಗಂಟು ಹಾಕಿದರೆ ನಮ್ಮ ಹೆಂಗಸರು ಕ್ಷಣದಲ್ಲಿ ಹಿಡಿಯುತ್ತಾರೆ.

ಪಾರಿಜಾತವನ್ನೂ ಸೇರಿಸೋಣ ಅಂತ ನಿಮಗೆ ಆಸೆಯಾಗಬಹುದು. ಬಿಳಿ ಎಸಳು, ಕಿತ್ತಳೆ ತೊಟ್ಟು, ನಿಮ್ಮ ಎರಡೂ ಬಣ್ಣ ಒಂದೇ ಹೂವಿನಲ್ಲಿ. ನನಗೂ ಅದರ ಮೇಲೆ ಪ್ರೀತಿ ಜಾಸ್ತಿ. ಆದರೆ ಅದು ಬಂದರೆ ಇಡೀ ಹಿತ್ತಲು ಅದರದ್ದೇ ಆಗುತ್ತದೆ. ಬೇರೊಂದು ಕಥೆಗೆ ಇಟ್ಟುಕೊಳ್ಳಿ. ಹಾಗೆಯೇ ಒಂದೇ ದಿನದಲ್ಲಿ ನಡೆಯುವ ಕಥೆ ಎಂದಾದರೂ ಬರೆದರೆ ಬೆಟ್ಟದಾವರೆಯನ್ನು ನೆನಪಿಡಿ. ಅದು ದಾಸವಾಳದ ಬಳಗದ್ದು. ಬೆಳಿಗ್ಗೆ ಬಿಳಿಯಾಗಿ ಅರಳಿ, ಮಧ್ಯಾಹ್ನ ಗುಲಾಬಿ ಬಣ್ಣಕ್ಕೆ ತಿರುಗಿ, ಸಂಜೆಗೆ ಕೆಂಪಾಗುತ್ತದೆ. ಗಿಡದ ಮುಂದೆ ಕ್ಯಾಮೆರಾ ಇಟ್ಟು ಕಾದರೆ ಸಾಕು, ಕಥೆಯ ಹೊತ್ತು ಎಷ್ಟಾಯಿತು ಅಂತ ಹೂವೇ ಹೇಳುತ್ತದೆ.

ಈಗ ನಿಮ್ಮ ಕೊನೆ. ಮೊಮ್ಮಗಳು ಅಜ್ಜಿಗೆ ಹೂ ಮುಡಿಸುವುದನ್ನು ನೀವು ನಿಶ್ಚಿತಾರ್ಥದ ಹೊತ್ತಿಗೇ, ಎಲ್ಲರ ಮುಂದೆ ಇಟ್ಟಿದ್ದೀರಿ. ಅದನ್ನು ಮರುದಿನ ಬೆಳಿಗ್ಗೆಗೆ ಸರಿಸಿ ಅಂತ ಕೇಳಿಕೊಳ್ಳುತ್ತೇನೆ. ಎಲ್ಲರ ಮುಂದೆ ಆದರೆ ಅದು ಭಾಷಣವಾಗುತ್ತದೆ, ಅಜ್ಜಿಗೆ ಬೇಡ ಅನ್ನಲೂ ಜಾಗ ಇರುವುದಿಲ್ಲ. ಮರುದಿನ ಮೊಮ್ಮಗಳು ಎದ್ದು ಜಡೆ ಬಿಚ್ಚುತ್ತಾಳೆ. ಮಲ್ಲಿಗೆ ಕಂದಾಗಿದೆ, ಒಂದೊಂದೇ ಉದುರುತ್ತದೆ. ಆ ದಂಡೆಯ ನಡುವೆ ಅಜ್ಜಿ ಯಾರಿಗೂ ಹೇಳದೆ ಕಟ್ಟಿದ್ದ ಒಂದು ಗೇಣು ಕನಕಾಂಬರ ಹಾಗೇ ಇದೆ. ಹಿಂದಿನ ದಿನ ಅದು ಮಲ್ಲಿಗೆಯ ಅಡಿಯಲ್ಲಿ ಮುಚ್ಚಿಹೋಗಿತ್ತು, ನಾವೂ ನೋಡಿರಲಿಲ್ಲ. ಸಿನಿಮಾದಲ್ಲಿ ಕಿತ್ತಳೆ ಹತ್ತಿರದಿಂದ ಕಾಣುವುದು ಇದೇ ಮೊದಲು. ಫೋಟೋದ ಬೂದು ಸಾಲು ಯಾವುದು ಅಂತ ಅವಳಿಗೆ ಈಗ ಗೊತ್ತಾಗುತ್ತದೆ, ನೋಡುವವರಿಗೂ. ಫೋಟೋವನ್ನು ಮತ್ತೆ ತೋರಿಸಬೇಡಿ. ಅವಳು ಬಾಡಿದ ಮಲ್ಲಿಗೆಯನ್ನು ಬಿಡಿಸಿ ಪಕ್ಕಕ್ಕಿಟ್ಟು, ಆ ಗೇಣು ಹೂವನ್ನು ಹಿಡಿದು ಹಿತ್ತಲಿಗೆ ಹೋಗಲಿ.

ಅಜ್ಜಿ ತಲೆ ಬಗ್ಗಿಸುತ್ತಾರೋ ಇಲ್ಲವೋ ಅನ್ನುವುದನ್ನು ನಾನು ಹೇಳುವುದಿಲ್ಲ. ಅದನ್ನು ನಿಮ್ಮ ನಟಿಯ ಜೊತೆ ಕೂತು ಮಾತಾಡಿ. ಸಾಧ್ಯವಾದರೆ ಹೂ ಮುಡಿಯುವುದನ್ನು ಬಿಟ್ಟ ಒಬ್ಬ ಅಜ್ಜಿಯ ಹತ್ತಿರ ಕೇಳಿ, ಅವರಿಗೆ ಹೇಳಲು ಇಷ್ಟವಿದ್ದರೆ ಮಾತ್ರ. ಎರಡು ರೀತಿಯಲ್ಲೂ ಶೂಟ್ ಮಾಡಿ. ಆಮೇಲೆ ಕಥೆ ಗೊತ್ತಿಲ್ಲದ ಯಾರಿಗಾದರೂ ಸೌಂಡ್ ಆಫ್ ಮಾಡಿ ಮೊದಲಿಂದ ತೋರಿಸಿ. ಮುಗಿದ ಮೇಲೆ 'ಅರ್ಥವಾಯಿತಾ' ಅಂತ ಕೇಳಬೇಡಿ. 'ಯಾವ ಬಣ್ಣ ನೆನಪಿದೆ' ಅಂತ ಕೇಳಿ. ಅವರು ಬಕೆಟ್ಟಿನ ಬಣ್ಣ ಹೇಳಿದರೆ ಮತ್ತೆ ಎಡಿಟಿಂಗಿಗೆ ಕೂರಿ. ಕನಕಾಂಬರ ಅಂದರೆ ಸಿನಿಮಾ ಕಳಿಸಿಕೊಡಿ, ನೋಡಲು ಕಾಯುತ್ತಿರುತ್ತೇನೆ.